ಪುಟ ಎಲ್ಲಿ ತಯಾರಾಗಬೇಕು? ವೆಬ್‌ನಲ್ಲಿ ಮೂವತ್ತು ವರ್ಷ ನಡೆದ ಚರ್ಚೆ

ವೆಬ್ ಕೆಲಸಕ್ಕೆ ಹೊಸದಾಗಿ ಬರುವವರು ಕೇಳುವುದು ಹೆಚ್ಚಾಗಿ ಒಂದೇ ಪ್ರಶ್ನೆ. ರಿಯಾಕ್ಟ್ ಕಲಿಯಲಾ, ಆಂಗ್ಯುಲರ್ ಕಲಿಯಲಾ, ಇಲ್ಲಾ ಈಗ ಎಲ್ಲರ ಬಾಯಲ್ಲಿರುವ ಇನ್ಯಾವುದನ್ನೋ ಕಲಿಯಲಾ? ಇವೆಲ್ಲ ವೆಬ್ ಪುಟ ಕಟ್ಟಲು ಸಿಗುವ ಸಿದ್ಧ ಸಲಕರಣೆಗಳು, ಫ್ರೇಮ್‌ವರ್ಕ್ ಅನ್ನುತ್ತಾರೆ. ಪ್ರಶ್ನೆ ತಪ್ಪಲ್ಲ, ಕೆಲಸ ಸಿಗಬೇಕು ಅಲ್ವಾ. ಆದರೆ ಬರೀ ಹೆಸರುಗಳನ್ನು ನೋಡುತ್ತಾ ಹೋದರೆ ಈ ಕ್ಷೇತ್ರಕ್ಕೆ ತಲೆಬುಡವೇ ಇಲ್ಲ ಅನ್ನಿಸುತ್ತದೆ. ಯಾರೋ ಹೊಸದನ್ನು ತರುತ್ತಾರೆ, ಹಳೆಯದರ ಕಾಲ ಮುಗಿಯಿತು ಅನ್ನುತ್ತಾರೆ, ನಾಲ್ಕೈದು ವರ್ಷ ಕಳೆದ ಮೇಲೆ ಆ ಹಳೆಯದೇ ಬೇರೆ ಹೆಸರಿಟ್ಟುಕೊಂಡು ವಾಪಸ್ ಬರುತ್ತದೆ.

ನಾನು ಈ ಕೆಲಸ ಶುರು ಮಾಡಿದ್ದು ಪಿಎಚ್‌ಪಿ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಕಾಲದಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಬಂದುಹೋದ ಬಹುಪಾಲು ಟ್ರೆಂಡ್‌ಗಳು ಒಂದೇ ಪ್ರಶ್ನೆಗೆ ಕೊಟ್ಟ ಬೇರೆ ಬೇರೆ ಉತ್ತರಗಳು ಅಂತ ನನಗೆ ಈಗ ಅನ್ನಿಸುತ್ತದೆ. ಓದುಗರು ನೋಡುವ ಪುಟ ಎಲ್ಲಿ ತಯಾರಾಗಬೇಕು? ಪುಟಗಳನ್ನು ಕಳಿಸಿಕೊಡುವ ದೂರದ ಕಂಪ್ಯೂಟರಿನಲ್ಲೋ, ಅಂದರೆ ಸರ್ವರ್‌ನಲ್ಲೋ, ಓದುಗರ ಕೈಯಲ್ಲಿರುವ ಫೋನಿನಲ್ಲೋ? ಕೆಲಸವಂತೂ ಯಾರಾದರೂ ಮಾಡಲೇಬೇಕು. ಅದರ ಖರ್ಚು ಸರ್ವರ್ ಮೇಲೆ ಬೀಳಬಹುದು, ನೆಟ್‌ವರ್ಕ್ ಮೇಲೆ ಬೀಳಬಹುದು, ಓದುಗರ ಫೋನಿನ ಮೇಲೆ ಬೀಳಬಹುದು. ಈ ಮೂರರಲ್ಲಿ ಯಾವುದು ಅಗ್ಗವಾಯಿತು, ಯಾವುದು ದುಬಾರಿಯಾಯಿತು ಅಂತ ನೋಡಿದರೆ ಟ್ರೆಂಡ್ ಯಾಕೆ ಬದಲಾಯಿತು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಮಾತು ಗಾಳಿಯಲ್ಲಿ ಬೇಡ, ಒಂದು ಪುಟ ಇಟ್ಟುಕೊಳ್ಳೋಣ. ಶಿರಸಿ ಮಾರುಕಟ್ಟೆಯ ಇವತ್ತಿನ ಅಡಿಕೆ ಧಾರಣೆ ತೋರಿಸುವ ಪುಟ. ರಾಶಿ, ಚಾಲಿ, ಬೆಟ್ಟೆ, ಬಿಳೆಗೋಟು, ಕೆಂಪುಗೋಟು ಅಂತ ಐದು ಸಾಲು. ಪ್ರತಿ ಸಾಲಿನಲ್ಲಿ ಕ್ವಿಂಟಲ್‌ಗೆ ಕನಿಷ್ಠ ದರ, ಗರಿಷ್ಠ ದರ, ಸರಾಸರಿ. ಮೇಲ್ಗಡೆ ಬೇರೆ ಮಾರುಕಟ್ಟೆ ಆರಿಸಿಕೊಳ್ಳಲು ಒಂದು ಪಟ್ಟಿ: ಸಿದ್ದಾಪುರ, ಯಲ್ಲಾಪುರ, ಸಾಗರ, ಶಿವಮೊಗ್ಗ. ಇಷ್ಟೇ. ಇದನ್ನು ನೋಡುವವರು ಬೆಳೆಗಾರರು, ವ್ಯಾಪಾರಿಗಳು, ಮಾಲು ಇವತ್ತೇ ಕೊಡೋಣವಾ ಇನ್ನೊಂದು ವಾರ ಕಾಯೋಣವಾ ಅಂತ ಲೆಕ್ಕ ಹಾಕುತ್ತಿರುವವರು. ಇದೇ ಪುಟವನ್ನು ಒಂದೊಂದು ಕಾಲದಲ್ಲಿ ಹೇಗೆ ಕಟ್ಟುತ್ತಿದ್ದೆವು ಅಂತ ನೋಡುತ್ತಾ ಹೋಗೋಣ.

ಟಿಮ್ ಬರ್ನರ್ಸ್ ಲೀ 1991ರಲ್ಲಿ ಸರ್ನ್ ಸಂಶೋಧನಾ ಕೇಂದ್ರದಿಂದ ವೆಬ್ಬನ್ನು ಹೊರಗಿನವರಿಗೆ ತೋರಿಸಿದಾಗ ಪುಟ ಅಂದರೆ ಒಂದು ಫೈಲ್, ಅಷ್ಟೇ. ಸರ್ವರ್ ಆ ಫೈಲನ್ನು ಓದಿ ಹಾಗೇ ಕಳಿಸುತ್ತಿತ್ತು. ಧಾರಣೆ ಬದಲಾದರೆ ಯಾರಾದರೂ ಕೂತು ಫೈಲನ್ನು ತಿದ್ದಬೇಕು. ಇದು ಸಾಲದು ಅಂತ 1993ರಲ್ಲಿ ಸಿಜಿಐ ಬಂತು. ಬ್ರೌಸರ್ ಪುಟ ಕೇಳಿದಾಗ ಸರ್ವರ್ ಫೈಲ್ ಕಳಿಸುವ ಬದಲು ಒಂದು ಪ್ರೋಗ್ರಾಮನ್ನು ಓಡಿಸುತ್ತದೆ, ಆ ಪ್ರೋಗ್ರಾಮ್ ಬರೆದದ್ದೇ ಪುಟ. ಆಗ ಅದನ್ನು ಹೆಚ್ಚಾಗಿ ಪರ್ಲ್ ಭಾಷೆಯಲ್ಲಿ ಬರೆಯುತ್ತಿದ್ದರು. 1995ರಲ್ಲಿ ರಾಸ್ಮಸ್ ಲೆರ್ಡಾರ್ಫ್ ತಮ್ಮ ಪಿಎಚ್‌ಪಿಯನ್ನು ಎಲ್ಲರಿಗೂ ಕೊಟ್ಟ ಮೇಲೆ ಈ ಕೆಲಸ ಇನ್ನೂ ಸುಲಭವಾಯಿತು. ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್ ಮಧ್ಯದಲ್ಲೇ ಪ್ರೋಗ್ರಾಮ್ ಸಾಲುಗಳನ್ನು ಬರೆಯಬಹುದು, ಫೈಲನ್ನು ಸರ್ವರ್‌ಗೆ ಹಾಕಿದರೆ ಸಾಕು, ಸೈಟು ತಯಾರು.

ನಮ್ಮ ಧಾರಣೆ ಪುಟ ಆಗ ಹೀಗೆ ನಡೆಯುತ್ತಿತ್ತು. ಪಟ್ಟಿಯಲ್ಲಿ ಸಾಗರ ಆರಿಸಿ ಗುಂಡಿ ಒತ್ತುತ್ತೀರಿ. ಬ್ರೌಸರ್ ಸರ್ವರ್‌ಗೆ ಕೇಳುತ್ತದೆ. ಸರ್ವರ್ ಡೇಟಾಬೇಸ್ ನೋಡಿ, ಐದು ಸಾಲು ಜೋಡಿಸಿ, ತಲೆಬರಹ, ಲೋಗೋ, ಅಡಿಬರಹ ಎಲ್ಲ ಸೇರಿಸಿ ಪೂರ್ತಿ ಪುಟ ಕಟ್ಟಿ ಕಳಿಸುತ್ತದೆ. ಪರದೆ ಒಂದು ಕ್ಷಣ ಬಿಳಿಯಾಗಿ ಮತ್ತೆ ತುಂಬಿಕೊಳ್ಳುತ್ತದೆ. ಬ್ರೌಸರ್‌ಗೆ ಇದರಲ್ಲಿ ತಲೆ ಓಡಿಸುವ ಕೆಲಸವೇ ಇಲ್ಲ, ಬಂದದ್ದನ್ನು ತೋರಿಸಿದರೆ ಮುಗಿಯಿತು. ಬ್ರೌಸರ್ ಒಳಗೇ ಓಡುವ ಪ್ರೋಗ್ರಾಮಿಂಗ್ ಭಾಷೆ ಜಾವಾಸ್ಕ್ರಿಪ್ಟ್ ಆಗಲೇ ಹುಟ್ಟಿತ್ತು. ನೆಟ್‌ಸ್ಕೇಪ್ ಕಂಪನಿಯಲ್ಲಿ ಬ್ರೆಂಡನ್ ಐಕ್ 1995ರಲ್ಲಿ ಹತ್ತು ದಿನದಲ್ಲಿ ಅದರ ಮೊದಲ ರೂಪ ಬರೆದಿದ್ದರು. ಆದರೆ ಫಾರ್ಮ್‌ನಲ್ಲಿ ಹೆಸರು ಬಿಟ್ಟುಹೋಗಿದೆ ಅಂತ ಎಚ್ಚರಿಸುವುದಕ್ಕೋ, ಮೌಸ್ ಇಟ್ಟಾಗ ಚಿತ್ರ ಬದಲಿಸುವುದಕ್ಕೋ ಬಳಕೆಯಾಗುತ್ತಿತ್ತೇ ಹೊರತು ಅದರ ಮೇಲೆ ಯಾರೂ ಜಾಸ್ತಿ ಭಾರ ಹಾಕುತ್ತಿರಲಿಲ್ಲ. ಆಗಿನ ಕಂಪ್ಯೂಟರ್‌ಗಳೂ ಬ್ರೌಸರ್‌ಗಳೂ ಅಷ್ಟು ನಿಧಾನ.

ಮೊದಲ ದೊಡ್ಡ ತಿರುವಿಗೆ ಬೀಜ ಬಿದ್ದದ್ದು 1999ರಲ್ಲಿ. ಮೈಕ್ರೋಸಾಫ್ಟ್‌ನವರು ತಮ್ಮ ಔಟ್‌ಲುಕ್ ಮೇಲ್ ಬ್ರೌಸರ್‌ನಲ್ಲೂ ಚೆನ್ನಾಗಿ ನಡೆಯಲಿ ಅಂತ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರಲ್ಲಿ ಒಂದು ಸೌಲಭ್ಯ ಸೇರಿಸಿದರು. ಪುಟವನ್ನು ಬದಲಿಸದೆ, ಹಿಂದಿನಿಂದ ಜಾವಾಸ್ಕ್ರಿಪ್ಟ್ ತಾನೇ ಸರ್ವರ್ ಜತೆ ಮಾತಾಡಿ ಸ್ವಲ್ಪ ಡೇಟಾ ತರಿಸಿಕೊಳ್ಳುವ ಸೌಲಭ್ಯ. ಹಲವು ವರ್ಷ ಅದರತ್ತ ಹೆಚ್ಚಿನವರು ತಿರುಗಿಯೂ ನೋಡಲಿಲ್ಲ. 2004ರಲ್ಲಿ ಜಿಮೇಲ್ ಬಂತು, 2005ರಲ್ಲಿ ಗೂಗಲ್ ಮ್ಯಾಪ್ಸ್ ಬಂತು. ನಕ್ಷೆಯನ್ನು ಮೌಸ್‌ನಿಂದ ಎಳೆದರೆ ಪುಟ ಮರುಲೋಡ್ ಆಗದೆ ಪಕ್ಕದ ಊರು ಕಾಣಿಸಿಕೊಳ್ಳುತ್ತದೆ! ಅಲ್ಲಿಯವರೆಗೆ ಬಾಣದ ಗುರುತು ಒತ್ತಿ ಕಾಯುತ್ತಿದ್ದವರಿಗೆ ಇದು ಬೇರೆಯದೇ ಲೋಕ. ಅದೇ 2005ರ ಫೆಬ್ರವರಿಯಲ್ಲಿ ಜೆಸ್ಸಿ ಜೇಮ್ಸ್ ಗ್ಯಾರೆಟ್ ಈ ವಿಧಾನಕ್ಕೆ ಅಜಾಕ್ಸ್ ಅಂತ ಹೆಸರಿಟ್ಟರು. ಹೆಸರು ಸಿಕ್ಕಿದ ಮೇಲೆ ಕೇಳಬೇಕೇ, ಎಲ್ಲರಿಗೂ ಅದೇ ಬೇಕಾಯಿತು.

ಈಗ ಧಾರಣೆ ಪುಟದಲ್ಲಿ ಸಾಗರ ಆರಿಸಿದರೆ ಆ ಐದು ಸಾಲು ಮಾತ್ರ ಬದಲಾಗುತ್ತವೆ, ಉಳಿದದ್ದು ಇದ್ದಲ್ಲೇ ಇರುತ್ತದೆ. 2006ರಲ್ಲಿ ಜಾನ್ ರೆಸಿಗ್ ಅವರ ಜೆಕ್ವೆರಿ ಅನ್ನುವ ಸಿದ್ಧ ಜಾವಾಸ್ಕ್ರಿಪ್ಟ್ ಕೋಡಿನ ಸಂಗ್ರಹ ಬಂದಮೇಲೆ ಇದನ್ನು ಬರೆಯುವುದೂ ಹಗುರವಾಯಿತು. ಅದಕ್ಕೆ ಮುಂಚೆ ಫೈರ್‌ಫಾಕ್ಸ್‌ಗೆ ಒಂದು ಥರ, ಇಂಟರ್ನೆಟ್ ಎಕ್ಸ್‌ಪ್ಲೋರರ್ 6ಕ್ಕೆ ಇನ್ನೊಂದು ಥರ ಬರೆಯಬೇಕಿತ್ತು. ಜೆಕ್ವೆರಿ ಆ ವ್ಯತ್ಯಾಸಗಳನ್ನೆಲ್ಲ ತನ್ನೊಳಗೆ ನುಂಗಿಕೊಂಡಿತು. ಈಗ ಕೆಲವರು ಜೆಕ್ವೆರಿ ಅಂದರೆ ಮೂಗು ಮುರಿಯುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಇವತ್ತು ಬ್ರೌಸರ್‌ನಲ್ಲೇ ಸಿಗುವ ಎಷ್ಟೋ ಸೌಕರ್ಯಗಳಿಗೆ ದಾರಿ ಮಾಡಿದ್ದೇ ಅದು.

ಇಲ್ಲಿ ಸ್ವಲ್ಪ ನಿಲ್ಲಬೇಕು. ರಿಯಾಕ್ಟ್ ಯಾಕೆ ಬಂತು ಅನ್ನುವುದು ಇಲ್ಲಿ ಅರ್ಥವಾಗದಿದ್ದರೆ ಮುಂದೆ ಏನೂ ಅರ್ಥವಾಗುವುದಿಲ್ಲ.

ಧಾರಣೆ ಪುಟಕ್ಕೆ ಯಾರೋ ಒಂದೊಂದೇ ಬೇಡಿಕೆ ಇಡುತ್ತಾ ಬಂದರು ಅಂದುಕೊಳ್ಳಿ. ನನಗೆ ಬೇಕಾದ ಬಗೆಗಳಿಗೆ ನಕ್ಷತ್ರ ಗುರುತು ಹಾಕುವಂತಿರಲಿ. ಗುರುತು ಹಾಕಿದವು ಎಷ್ಟು ಅಂತ ಮೇಲ್ಗಡೆ ಒಂದು ಅಂಕಿ ತೋರಿಸಿ. ಗುರುತು ಹಾಕಿದವನ್ನು ಮಾತ್ರ ತೋರಿಸಲು ಒಂದು ಗುಂಡಿ ಕೊಡಿ. ದರ ಬದಲಾದರೆ ಆ ಸಾಲು ಹಳದಿಯಾಗಲಿ. ಜೆಕ್ವೆರಿಯಲ್ಲಿ ಇದನ್ನು ಬರೆಯುವುದು ಹೀಗೆ: ಚಾಲಿಯ ನಕ್ಷತ್ರ ಒತ್ತಿದರೆ ಆ ಸಾಲಿನ ಬಣ್ಣ ಬದಲಿಸು, ಮೇಲಿನ ಅಂಕಿಗೆ ಒಂದು ಸೇರಿಸು. ಮತ್ತೆ ಒತ್ತಿದರೆ ಬಣ್ಣ ತೆಗೆ, ಒಂದು ಕಳೆ. ಆದರೆ ಗುರುತು ಹಾಕಿದವನ್ನು ಮಾತ್ರ ತೋರಿಸುವ ಗುಂಡಿ ಆಗಲೇ ಒತ್ತಿದ್ದರೆ? ಆಗ ಸಾಲನ್ನೂ ಮರೆಮಾಡಬೇಕು. ಸರ್ವರ್‌ನಿಂದ ಹೊಸ ಡೇಟಾ ಬಂದು ಐದೂ ಸಾಲು ಮತ್ತೆ ಕಟ್ಟಿದರೆ? ಹಳೆಯ ಗುರುತುಗಳನ್ನು ಮತ್ತೆ ಹಾಕಬೇಕು. ಒಂದೊಂದು ಘಟನೆಗೂ ಪುಟದ ಯಾವ ಯಾವ ಮೂಲೆ ಬದಲಾಗಬೇಕು ಅಂತ ನೀವೇ ನೆನಪಿಟ್ಟುಕೊಂಡು ಬರೆಯಬೇಕು. ಹತ್ತು ಘಟನೆ, ಹತ್ತು ಮೂಲೆ ಅಂದರೆ ಜೋಡಣೆಗಳು ನೂರು. ಎಲ್ಲೋ ಒಂದು ಕಡೆ ತಪ್ಪಿಹೋಗುತ್ತದೆ, ಮೇಲೆ ಮೂರು ಅಂತ ಇರುತ್ತದೆ, ಕೆಳಗೆ ಎರಡೇ ನಕ್ಷತ್ರ ಕಾಣುತ್ತವೆ.

ಇದು ಕಲ್ಪನೆಯ ತೊಂದರೆ ಅಲ್ಲ. ಫೇಸ್‌ಬುಕ್ ಎಂಜಿನಿಯರುಗಳು 2014ರಲ್ಲಿ ತಮ್ಮ ಸೈಟಿನದೇ ಉದಾಹರಣೆ ಕೊಟ್ಟಿದ್ದರು. ಓದದ ಸಂದೇಶ ಒಂದಿದೆ ಅಂತ ಚಾಟ್ ಗುರುತು ತೋರಿಸುತ್ತದೆ, ತೆಗೆದು ನೋಡಿದರೆ ಹೊಸ ಸಂದೇಶ ಯಾವುದೂ ಇಲ್ಲ. ಸರಿಪಡಿಸುತ್ತಾರೆ, ಕೆಲವು ದಿನಕ್ಕೆ ಅದೇ ತೊಂದರೆ ಇನ್ನೊಂದು ದಾರಿಯಿಂದ ಮತ್ತೆ ಬರುತ್ತದೆ. ಒಂದೇ ಮಾಹಿತಿ ಪುಟದ ಹಲವು ಕಡೆ ಹರಡಿಕೊಂಡು, ಒಂದಕ್ಕೊಂದು ತಾಳೆಯಾಗದೆ ಹೋಗುವ ಕಾಯಿಲೆ ಇದು.

2010ರಲ್ಲಿ ಬಂದ ಬ್ಯಾಕ್‌ಬೋನ್ ಮತ್ತು ಆಂಗ್ಯುಲರ್‌ಜೆಎಸ್ ಇದಕ್ಕೆ ಒಂದೊಂದು ರೀತಿಯಲ್ಲಿ ಮದ್ದು ಕೊಟ್ಟವು. 2013ರಲ್ಲಿ ಫೇಸ್‌ಬುಕ್ ಹೊರಬಿಟ್ಟ ರಿಯಾಕ್ಟ್ ಕೊಟ್ಟ ಉತ್ತರ ಎಲ್ಲಕ್ಕಿಂತ ನೇರವಾಗಿತ್ತು. ಅಲ್ಲಿನ ಎಂಜಿನಿಯರ್ ಜೋರ್ಡನ್ ವಾಕ್ ಅವರ ಯೋಚನೆ ಇದು: ಯಾವ ಮೂಲೆ ಬದಲಾಗಬೇಕು ಅಂತ ಪ್ರೋಗ್ರಾಮರ್ ಹೇಳುವುದೇ ಬೇಡ. ಮಾಹಿತಿಯನ್ನು ಒಂದು ಕಡೆ ಇಡಿ. ಈ ಮಾಹಿತಿ ಇದ್ದರೆ ಪೂರ್ತಿ ಪುಟ ಹೇಗೆ ಕಾಣಬೇಕು ಅಂತ ಮಾತ್ರ ಬರೆಯಿರಿ. ಮಾಹಿತಿ ಬದಲಾದಾಗಲೆಲ್ಲ ಪುಟವನ್ನು ಮೊದಲಿನಿಂದ ಕಟ್ಟಿದ ಹಾಗೆ ಲೆಕ್ಕ ಹಾಕಿ, ಹಳೆಯದಕ್ಕೂ ಹೊಸದಕ್ಕೂ ಎಲ್ಲಿ ವ್ಯತ್ಯಾಸ ಇದೆ ಅಂತ ಹುಡುಕಿ, ಅಷ್ಟನ್ನು ಮಾತ್ರ ಪರದೆಯಲ್ಲಿ ಬದಲಿಸುವ ಕೆಲಸ ರಿಯಾಕ್ಟ್‌ದು. ನಮ್ಮ ಪುಟದಲ್ಲಿ ಮೇಲಿನ ಅಂಕಿ ಅಂದರೆ ಗುರುತು ಹಾಕಿದ ಬಗೆಗಳ ಪಟ್ಟಿಯ ಉದ್ದ, ಅಷ್ಟೇ. ಅದನ್ನು ಯಾರೂ ಕೂಡಿಸುವುದಿಲ್ಲ, ಕಳೆಯುವುದಿಲ್ಲ. ಹಾಗಾಗಿ ಅದು ತಪ್ಪುವುದಕ್ಕೆ ದಾರಿಯೇ ಇಲ್ಲ.

ಗಮನಿಸಿ ನೋಡಿದರೆ ಇದು ಪಿಎಚ್‌ಪಿಯ ಹಳೆಯ ರೀತಿಯೇ. ಅಲ್ಲೂ ಪ್ರತಿ ಸಲ ಡೇಟಾ ನೋಡಿ ಪುಟವನ್ನು ಮೊದಲಿನಿಂದ ಕಟ್ಟುತ್ತಿದ್ದೆವು, ಅದಕ್ಕೇ ಅಲ್ಲಿ ಇಂಥ ತಾಳೆ ತಪ್ಪುವ ತೊಂದರೆ ಕಡಿಮೆ ಇತ್ತು. ಆ ಒಳ್ಳೆಯ ಗುಣವನ್ನು ರಿಯಾಕ್ಟ್ ಬ್ರೌಸರ್ ಒಳಗೆ ತಂದಿತು. ಹೊಸದು ಬಂದಾಗ ಹಳೆಯದನ್ನು ಪೂರ್ತಿ ಬಿಸಾಡುತ್ತೇವೆ ಅನ್ನುವ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ.

ಇನ್ನು ಖರ್ಚಿನ ಮಾತಿಗೆ ಬರೋಣ. ಇದೆಲ್ಲ ಬ್ರೌಸರ್‌ನಲ್ಲಿ ನಡೆಯುವುದಕ್ಕೆ ಶುರುವಾದದ್ದು ಸುಮ್ನೆ ಅಲ್ಲ. 2008ರಲ್ಲಿ ಗೂಗಲ್ ಕ್ರೋಮ್ ಜಾವಾಸ್ಕ್ರಿಪ್ಟ್ ಓಡಿಸುವ ತನ್ನ ವಿ8 ಎಂಜಿನ್ ಜತೆ ಬಂತು, ಜಾವಾಸ್ಕ್ರಿಪ್ಟ್ ವೇಗವಾಯಿತು, ಉಳಿದ ಬ್ರೌಸರ್‌ಗಳೂ ಪೈಪೋಟಿಗೆ ಬಿದ್ದವು. ಓದುಗರ ಯಂತ್ರದಲ್ಲಿ ಕೆಲಸ ಮಾಡಿಸುವುದು ಅಗ್ಗವಾಗಿ ಕಂಡಿತು. ಪೂರ್ತಿ ಪುಟವನ್ನೇ ಬ್ರೌಸರ್‌ನಲ್ಲಿ ಕಟ್ಟುವ ಸೈಟುಗಳು ಬಂದವು. ಸರ್ವರ್ ಕಳಿಸುವುದು ಹೆಚ್ಚು ಕಡಿಮೆ ಖಾಲಿ ಎಚ್‌ಟಿಎಂಎಲ್, ಜತೆಗೆ ಒಂದು ದೊಡ್ಡ ಜಾವಾಸ್ಕ್ರಿಪ್ಟ್ ಫೈಲ್. ಆ ಫೈಲ್ ಇಳಿದು, ಓಡಿ, ಮತ್ತೆ ಸರ್ವರ್‌ಗೆ ಹೋಗಿ ಡೇಟಾ ತಂದ ಮೇಲೆ ಚಾಲಿಯ ದರ ಕಾಣಬೇಕು. ಕಚೇರಿಯ ಒಳ್ಳೆಯ ಲ್ಯಾಪ್‌ಟಾಪ್‌ನಲ್ಲಿ ಇದು ಗೊತ್ತೇ ಆಗುವುದಿಲ್ಲ. ಕಡಿಮೆ ಬೆಲೆಯ ಫೋನಿನಲ್ಲಿ, ಸಿಗ್ನಲ್ ಬಂದು ಹೋಗುವ ಊರಿನಲ್ಲಿ, ಬಿಳಿ ಪರದೆ ನೋಡುತ್ತಾ ಕೂರಬೇಕು.

ಇಲ್ಲೊಂದು ಸೂಕ್ಷ್ಮ ಇದೆ, ಹಲವರು ಇದನ್ನು ಗಮನಿಸುವುದಿಲ್ಲ. ಒಂದು ಕೆಬಿ ಫೋಟೋ, ಒಂದು ಕೆಬಿ ಜಾವಾಸ್ಕ್ರಿಪ್ಟ್ ಎರಡಕ್ಕೂ ಇಳಿಯಲು ಹಿಡಿಯುವ ಸಮಯ ಒಂದೇ. ಆದರೆ ಫೋಟೋವನ್ನು ಬಿಡಿಸಿ ಪರದೆಗೆ ಹಾಕಿದರೆ ಕೆಲಸ ಮುಗಿಯಿತು. ಜಾವಾಸ್ಕ್ರಿಪ್ಟನ್ನು ಓದಿ ಅರ್ಥ ಮಾಡಿಕೊಳ್ಳಬೇಕು, ಯಂತ್ರದ ಭಾಷೆಗೆ ತಿರುಗಿಸಬೇಕು, ಆಮೇಲೆ ಓಡಿಸಬೇಕು. ಇದು ಫೋನಿನ ಪ್ರೊಸೆಸರ್‌ಗೆ ಬೀಳುವ ಕೆಲಸ, ನೆಟ್‌ವರ್ಕ್ ಎಷ್ಟೇ ವೇಗವಾದರೂ ಇದು ಕಡಿಮೆಯಾಗುವುದಿಲ್ಲ. ನಮ್ಮ ಐದು ಸಾಲಿನ ಧಾರಣೆ ಎಚ್‌ಟಿಎಂಎಲ್ ರೂಪದಲ್ಲಿ ಕೆಲವೇ ಕೆಬಿ. ರಿಯಾಕ್ಟ್ 18 ಮತ್ತು ಅದರ ಜತೆಗಾರ ರಿಯಾಕ್ಟ್ ಡಾಮ್, ನಾವು ಒಂದು ಸಾಲನ್ನೂ ಬರೆಯುವ ಮುಂಚೆಯೇ, ಕುಗ್ಗಿಸಿ ಕಳಿಸಿದರೂ 40 ಕೆಬಿ ದಾಟುತ್ತವೆ.

ಟ್ವಿಟರ್ ಈ ದಾರಿಯಲ್ಲಿ ಹೋಗಿ ಬೇಗ ವಾಪಸ್ ಬಂದ ದೊಡ್ಡ ಸೈಟು. 2010ರಲ್ಲಿ ಅವರು ಪುಟ ಕಟ್ಟುವ ಕೆಲಸವನ್ನು ಬ್ರೌಸರ್‌ಗೆ ಒಪ್ಪಿಸಿದ್ದರು. 2012ರ ಮೇ ತಿಂಗಳಲ್ಲಿ ಅದನ್ನು ಮತ್ತೆ ಸರ್ವರ್‌ಗೆ ತಂದೆವು ಅಂತ ಹೇಳಿದರು, ಮೊದಲ ಟ್ವೀಟ್ ಕಾಣಲು ಹಿಡಿಯುವ ಸಮಯ ಹಿಂದಿನದರ ಐದನೇ ಒಂದು ಭಾಗಕ್ಕೆ ಇಳಿಯಿತು ಅಂತಲೂ ಹೇಳಿದರು. ವಿಚಿತ್ರ ನೋಡಿ, ಇದಾಗಿ ಒಂದು ವರ್ಷಕ್ಕೆ ರಿಯಾಕ್ಟ್ ಬಂತು, ಮುಂದಿನ ಐದಾರು ವರ್ಷ ಎಲ್ಲರೂ ಟ್ವಿಟರ್ ಬಿಟ್ಟು ಬಂದ ದಾರಿಯನ್ನೇ ಹಿಡಿದರು. ಜನರಿಗೆ ಬೇಕಾಗಿದ್ದದ್ದು ರಿಯಾಕ್ಟ್ ಕೊಟ್ಟ ಆ ತಾಳೆ ತಪ್ಪದ ಗುಣ. ಅದು ಬೇಕು ಅಂದರೆ ಪುಟವನ್ನು ಪೂರ್ತಿ ಬ್ರೌಸರ್‌ನಲ್ಲೇ ಕಟ್ಟಬೇಕು ಅಂತ ಎಲ್ಲರೂ ಅಂದುಕೊಂಡರು.

ಬೆಂಗಳೂರಿನ ಕಂಪನಿಗಳು ಇದೇ ಕಾಲದಲ್ಲಿ ಇನ್ನೊಂದು ತುದಿಗೆ ಹೋಗಿದ್ದವು. ಮಿಂತ್ರಾ 2015ರ ಮೇ ತಿಂಗಳಲ್ಲಿ ವೆಬ್‌ಸೈಟನ್ನೇ ಮುಚ್ಚಿ ಇನ್ನು ಆ್ಯಪ್ ಮಾತ್ರ ಅಂದಿತು, ಮುಂದಿನ ವರ್ಷ ವೆಬ್ಬಿಗೆ ವಾಪಸ್ ಬಂತು. ಫ್ಲಿಪ್‌ಕಾರ್ಟ್ ಕೂಡ ಮೊಬೈಲ್ ಸೈಟು ಬಿಟ್ಟು ಆ್ಯಪ್ ಕಡೆ ತಿರುಗಿತ್ತು. ಆಮೇಲೆ ಅದೇ 2015ರ ನವೆಂಬರ್‌ನಲ್ಲಿ ಫ್ಲಿಪ್‌ಕಾರ್ಟ್ ಲೈಟ್ ತಂದಿತು. ಬ್ರೌಸರ್‌ನಲ್ಲೇ ನಡೆಯುವ, ಫೋನಿನ ಮುಖಪುಟಕ್ಕೆ ಸೇರಿಸಿಕೊಳ್ಳಬಹುದಾದ ಸೈಟು ಅದು. ಅದರ ಬಳಕೆದಾರರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಆಗ 2ಜಿಯಲ್ಲಿದ್ದರು. ಜಿಯೋ ಬಂದದ್ದು 2016ರ ಸೆಪ್ಟೆಂಬರ್‌ನಲ್ಲಿ ಅನ್ನುವುದು ನೆನಪಿರಲಿ. ಫ್ಲಿಪ್‌ಕಾರ್ಟ್ ಲೈಟ್ ಬಳಸಿದ್ದು ಸರ್ವಿಸ್ ವರ್ಕರ್ ಅನ್ನುವ ಸೌಲಭ್ಯವನ್ನು. ಬ್ರೌಸರ್‌ಗೂ ನೆಟ್‌ವರ್ಕ್‌ಗೂ ನಡುವೆ ಕೂರುವ ಒಂದು ಚಿಕ್ಕ ಪ್ರೋಗ್ರಾಮ್ ಇದು. ಒಮ್ಮೆ ತಂದದ್ದನ್ನು ಫೋನಿನಲ್ಲೇ ಇಟ್ಟುಕೊಂಡು, ಮುಂದಿನ ಸಲ ಸಿಗ್ನಲ್ ಇಲ್ಲದಿದ್ದರೂ ಅಷ್ಟನ್ನು ತೋರಿಸುತ್ತದೆ. ಬೇರೆ ದೇಶಗಳಲ್ಲಿ ಇದರ ಬಗ್ಗೆ ಮಾತು ನಡೆಯುತ್ತಿದ್ದಾಗ ಇಷ್ಟು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದವರಲ್ಲಿ ನಮ್ಮೂರಿನವರು ಮೊದಲಿಗರು ಅನ್ನುವುದು ನನಗೆ ತುಂಬ ಹೆಮ್ಮೆಯ ವಿಷಯ.

ಫ್ರೇಮ್‌ವರ್ಕ್‌ಗಳ ಮಾತಿನ ನಡುವೆ ಒಂದು ವಿಷಯ ಹೇಳದೆ ಮುಂದೆ ಹೋಗಲಾರೆ. ಕನ್ನಡ ಓದುಗರಿಗೆ ವೆಬ್‌ನಲ್ಲಿ ಎಲ್ಲಕ್ಕಿಂತ ಜಾಸ್ತಿ ಉಪಕಾರ ಮಾಡಿದ್ದು ಯಾವ ಫ್ರೇಮ್‌ವರ್ಕೂ ಅಲ್ಲ, ಯೂನಿಕೋಡ್, ಅಂದರೆ ಒಂದೊಂದು ಭಾಷೆಯ ಅಕ್ಷರಗಳಿಗೂ ಅವುಗಳದೇ ಸಂಕೇತ ಕೊಡುವ ಪದ್ಧತಿ. ಅದಕ್ಕೆ ಮುಂಚೆ ಕನ್ನಡ ಸೈಟು ಅಂದರೆ ಮೊದಲು ಅವರ ಫಾಂಟ್ ಇಳಿಸಿಕೊಳ್ಳಬೇಕಿತ್ತು. ಫೈಲಿನ ಒಳಗೆ ಇರುತ್ತಿದ್ದದ್ದು ಇಂಗ್ಲಿಷಿನ ಸಂಕೇತಗಳು, ಫಾಂಟ್ ಅವನ್ನು ಕನ್ನಡದ ಆಕಾರದಲ್ಲಿ ತೋರಿಸುತ್ತಿತ್ತು ಅಷ್ಟೇ. ಹುಡುಕಿದರೆ ಸಿಗುತ್ತಿರಲಿಲ್ಲ, ಒಂದು ಕಡೆಯಿಂದ ಇನ್ನೊಂದು ಕಡೆಗೆ ನಕಲಿಸಿದರೆ ಚಿತ್ರವಿಚಿತ್ರ ಅಕ್ಷರಗಳು. ವಿಂಡೋಸ್ ಎಕ್ಸ್‌ಪಿ ಜತೆ ತುಂಗಾ ಫಾಂಟ್ ಬಂದದ್ದು, 2012ರಲ್ಲಿ ಆಂಡ್ರಾಯ್ಡ್ 4.1 ಕನ್ನಡವನ್ನು ಸರಿಯಾಗಿ ತೋರಿಸಲು ಶುರು ಮಾಡಿದ್ದು, ಇವು ನಮ್ಮ ಪಾಲಿಗೆ ನಿಜವಾದ ತಿರುವುಗಳು. ಇವತ್ತಿಗೂ ಕನ್ನಡದಲ್ಲಿ ಸೈಟು ಮಾಡುವವರು ನೋಡಿಕೊಳ್ಳಬೇಕಾದ್ದು ಇದೆ. ಜಾವಾಸ್ಕ್ರಿಪ್ಟ್‌ಗೆ ಬೆಟ್ಟೆ ಅನ್ನುವುದರ ಉದ್ದ ಎಷ್ಟು ಅಂತ ಕೇಳಿದರೆ ಎತ್ವ, ಒತ್ತಿನ ಚಿಹ್ನೆಗಳನ್ನೂ ಬೇರೆ ಬೇರೆ ಎಣಿಸಿ ಆರು ಅನ್ನುತ್ತದೆ, ನಾವು ಎಣಿಸಿದರೆ ಎರಡೇ ಅಕ್ಷರ. ಜಾಗ ಸಾಲದು ಅಂತ ನಾಲ್ಕಕ್ಕೆ ಕತ್ತರಿಸಿದರೆ ಉಳಿಯುವುದು ಬೆಟ್. ಇಂಗ್ಲಿಷ್ ಪಠ್ಯದಲ್ಲಿ ಮಾತ್ರ ಪರೀಕ್ಷೆ ಮಾಡುವ ತಂಡಕ್ಕೆ ಇದು ಕಣ್ಣಿಗೇ ಬೀಳುವುದಿಲ್ಲ.

ಮತ್ತೆ ದಾರಿಗೆ ಬರೋಣ. ಸರ್ವರ್‌ನ ವೇಗ, ರಿಯಾಕ್ಟ್‌ನ ಬರವಣಿಗೆ ಎರಡೂ ಬೇಕು ಅಂತ 2016ರಲ್ಲಿ ನೆಕ್ಸ್ಟ್‌ಜೆಎಸ್ ಅನ್ನುವ ಫ್ರೇಮ್‌ವರ್ಕ್ ಬಂತು. 2009ರಲ್ಲಿ ರಯಾನ್ ಡಾಲ್ ನೋಡ್‌ಜೆಎಸ್ ತಂದಿದ್ದರಿಂದ ಜಾವಾಸ್ಕ್ರಿಪ್ಟ್ ಸರ್ವರ್‌ನಲ್ಲೂ ಓಡುತ್ತಿತ್ತಲ್ಲ, ಹಾಗಾಗಿ ಒಂದೇ ಕೋಡನ್ನು ಎರಡು ಕಡೆ ಓಡಿಸಬಹುದಾಯಿತು. ಸರ್ವರ್ ಮೊದಲು ಪೂರ್ತಿ ಎಚ್‌ಟಿಎಂಎಲ್ ಕಟ್ಟಿ ಕಳಿಸುತ್ತದೆ, ದರಗಳು ಕೂಡಲೇ ಕಾಣುತ್ತವೆ. ಹಿಂದೆಯೇ ಜಾವಾಸ್ಕ್ರಿಪ್ಟ್ ಇಳಿಯುತ್ತದೆ. ಅದು ಓಡಿ, ಅದೇ ಪುಟವನ್ನು ತನ್ನೊಳಗೆ ಇನ್ನೊಮ್ಮೆ ಲೆಕ್ಕ ಹಾಕಿ, ಪರದೆಯಲ್ಲಿರುವ ನಕ್ಷತ್ರ, ಗುಂಡಿಗಳಿಗೆ ಜೀವ ಕೊಡುತ್ತದೆ. ಇದಕ್ಕೆ ಹೈಡ್ರೇಷನ್ ಅನ್ನುತ್ತಾರೆ. ತೊಂದರೆ ಎಲ್ಲಿದೆ ಅಂತ ಈಗ ನಿಮಗೇ ಕಂಡಿರಬೇಕು. ಒಂದೇ ಪುಟ ಎರಡು ಸಲ ತಯಾರಾಗುತ್ತಿದೆ. ಡೇಟಾ ಕೂಡ ಎರಡು ಸಲ ಹೋಗುತ್ತದೆ, ಒಮ್ಮೆ ಎಚ್‌ಟಿಎಂಎಲ್ ಒಳಗೆ, ಇನ್ನೊಮ್ಮೆ ಜಾವಾಸ್ಕ್ರಿಪ್ಟ್‌ಗಾಗಿ. ಪುಟ ಕಂಡದ್ದಕ್ಕೂ ಜೀವ ಬಂದದ್ದಕ್ಕೂ ನಡುವಿನ ಹೊತ್ತಿನಲ್ಲಿ ಗುಂಡಿ ಒತ್ತಿದರೆ ಏನೂ ಆಗದೇ ಇರಬಹುದು. ಗುಂಡಿ ಕಾಣುತ್ತದೆ, ಕೆಲಸ ಮಾಡುವುದಿಲ್ಲ. ಓದುಗರಿಗೆ ಬಿಳಿ ಪರದೆಗಿಂತ ಇದೇ ಜಾಸ್ತಿ ಸಿಟ್ಟು ತರಿಸುವುದು.

ಇತ್ತೀಚಿನ ಎಷ್ಟೋ ಹೊಸ ಹೆಸರುಗಳು ಈ ಎರಡು ಸಲದ ಖರ್ಚನ್ನು ಕಡಿಮೆ ಮಾಡುವ ಪ್ರಯತ್ನಗಳು. ಪುಟದಲ್ಲಿ ನಿಜವಾಗಿ ಜೀವ ಬೇಕಿರುವ ತುಂಡುಗಳಿಗೆ ಮಾತ್ರ ಜಾವಾಸ್ಕ್ರಿಪ್ಟ್ ಕಳಿಸಿ, ಉಳಿದದ್ದನ್ನು ಬರೀ ಎಚ್‌ಟಿಎಂಎಲ್ ಆಗಿ ಬಿಡಿ ಅನ್ನುವುದು ಆಸ್ಟ್ರೋ ಎಂಬ ಫ್ರೇಮ್‌ವರ್ಕ್ ಹಿಡಿದ ದಾರಿ. ರಿಯಾಕ್ಟ್‌ನವರೇ 2020ರ ಡಿಸೆಂಬರ್‌ನಲ್ಲಿ ಸರ್ವರ್ ಕಾಂಪೊನೆಂಟ್ಸ್ ಅನ್ನುವುದನ್ನು ಮುಂದಿಟ್ಟರು, ಅದರಲ್ಲಿ ಕೆಲವು ಭಾಗಗಳ ಕೋಡ್ ಬ್ರೌಸರ್‌ಗೆ ಹೋಗುವುದೇ ಇಲ್ಲ. ಎಚ್‌ಟಿಎಂಎಕ್ಸ್ ಅನ್ನುವ ಇನ್ನೊಂದು ಸಲಕರಣೆ ಇನ್ನೂ ಸರಳ: ಸಾಗರ ಆರಿಸಿದರೆ ಸರ್ವರ್ ಆ ಐದು ಸಾಲಿನ ಎಚ್‌ಟಿಎಂಎಲ್ ತುಂಡನ್ನು ಕಳಿಸುತ್ತದೆ, ಬ್ರೌಸರ್ ಅದನ್ನು ಇದ್ದ ಜಾಗದಲ್ಲಿ ಅಂಟಿಸುತ್ತದೆ. ಆಗಿನ ಅಜಾಕ್ಸ್ ಬಳಸಿದವರಿಗೆ ಇದು ಹೊಸದಲ್ಲ ಅಂತ ಕೂಡಲೇ ಗೊತ್ತಾಗುತ್ತದೆ. ಆದರೆ ಅವತ್ತು ಕೈಯಲ್ಲಿ ಬರೆಯುತ್ತಿದ್ದ ಅಷ್ಟೂ ಕೋಡ್ ಈಗ ಎಚ್‌ಟಿಎಂಎಲ್‌ನಲ್ಲಿ ಒಂದೆರಡು ಗುಣಸೂಚಕಗಳಾಗಿವೆ, ಅದು ಸಣ್ಣ ಮಾತಲ್ಲ.

ಇಂಥ ಓಡಾಟ ಸರ್ವರ್ ಒಳಗೂ ನಡೆದಿದೆ. ಒಂದೇ ದೊಡ್ಡ ಪ್ರೋಗ್ರಾಮನ್ನು ಹತ್ತಾರು ಸಣ್ಣ ಸೇವೆಗಳಾಗಿ ಒಡೆಯುವ ಮೈಕ್ರೋಸರ್ವಿಸ್ ವಿಧಾನ 2014ರ ಸುಮಾರಿಗೆ ಎಲ್ಲರ ಬಾಯಿಗೆ ಬಂತು. ನೂರಾರು ಎಂಜಿನಿಯರುಗಳಿರುವ ಕಂಪನಿಗೆ ಅದರ ಅಗತ್ಯ ಇದೆ, ತಂಡಗಳು ಒಂದನ್ನೊಂದು ಕಾಯದೆ ಕೆಲಸ ಮಾಡಬಹುದು. ನಾನು ಕೆಲಸ ಮಾಡಿದ ಒಂದು ಜಾಗದಲ್ಲಿ ಬೆರಳೆಣಿಕೆಯ ಜನ ಸೇರಿ ಜನರಿಗಿಂತ ಜಾಸ್ತಿ ಸೇವೆಗಳನ್ನು ನೋಡಿಕೊಳ್ಳುತ್ತಿದ್ದೆವು. ಒಂದು ಫಾರ್ಮ್‌ಗೆ ಹೊಸ ಖಾನೆ ಸೇರಿಸಬೇಕಾದರೆ ಮೂರು ಸೇವೆಗಳನ್ನು ಒಂದೇ ಸಲ ಬದಲಿಸಬೇಕಿತ್ತು. ಅಮೆಜಾನ್ ಪ್ರೈಮ್ ವೀಡಿಯೊದ ಒಂದು ತಂಡ ವೀಡಿಯೊ ಗುಣಮಟ್ಟ ನೋಡಿಕೊಳ್ಳುವ ತಮ್ಮ ವ್ಯವಸ್ಥೆಯನ್ನು ಬಿಡಿ ಬಿಡಿ ಸೇವೆಗಳಿಂದ ಒಂದೇ ಪ್ರೋಗ್ರಾಮಿಗೆ ತಂದು ಖರ್ಚನ್ನು 90 ಶೇಕಡಾ ಇಳಿಸಿದ್ದಾಗಿ 2023ರಲ್ಲಿ ಬರೆದಿತ್ತು. ಹಾಗಂತ ಮೈಕ್ರೋಸರ್ವಿಸ್ ಕೆಟ್ಟದ್ದು ಅಂತಲ್ಲ. ಅವರ ಕೆಲಸಕ್ಕೆ, ಡೇಟಾ ಒಂದು ಸೇವೆಯಿಂದ ಇನ್ನೊಂದಕ್ಕೆ ಓಡಾಡುವ ಖರ್ಚೇ ದೊಡ್ಡದಾಗಿತ್ತು.

ಕೆಲಸ ಮಾಡುವ ರೀತಿಯೂ ಇದರ ಜತೆಯಲ್ಲೇ ಬದಲಾಯಿತು. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾದಲ್ಲಿ ಹದಿನೇಳು ಜನ ಸೇರಿ, ಸಾಫ್ಟ್‌ವೇರನ್ನು ಸಣ್ಣ ಹಂತಗಳಲ್ಲಿ ಮಾಡುತ್ತಾ ತಿದ್ದಿಕೊಳ್ಳಬೇಕು ಅನ್ನುವ ಅಜೈಲ್ ಹೇಳಿಕೆ ಬರೆದಾಗ ಸಾಫ್ಟ್‌ವೇರ್ ಇನ್ನೂ ಸಿಡಿಯಲ್ಲಿ ಹೋಗುತ್ತಿತ್ತು. ಸಿಡಿ ಒಮ್ಮೆ ಹೊರಗೆ ಹೋದರೆ ತಿದ್ದುವುದು ಕಷ್ಟ, ಹಾಗಾಗಿ ತಿಂಗಳುಗಟ್ಟಲೆ ಯೋಜನೆ ಹಾಕುವುದಕ್ಕೆ ಅರ್ಥ ಇತ್ತು. ಪುಟ ಸರ್ವರ್‌ನಲ್ಲಿದ್ದರೆ ಬೆಳಿಗ್ಗೆ ಕಂಡ ತಪ್ಪನ್ನು ಮಧ್ಯಾಹ್ನದೊಳಗೆ ಎಲ್ಲರಿಗೂ ಸರಿಮಾಡಬಹುದು. ಸಣ್ಣ ಸಣ್ಣ ಬದಲಾವಣೆ ಮಾಡಿ ನೋಡುವ ಅಭ್ಯಾಸ ವೆಬ್‌ನಲ್ಲಿ ಅಷ್ಟು ಬೇಗ ಬೇರುಬಿಟ್ಟದ್ದು ಇದರಿಂದ.

ಅನುಕೂಲ ಜಾಸ್ತಿಯಾದ ಹಾಗೆ ಪ್ಯಾಕೇಜ್‌ಗಳ ಮೇಲಿನ, ಅಂದರೆ ಬೇರೆಯವರು ಬರೆದಿಟ್ಟ ಕೋಡಿನ ತುಂಡುಗಳ ಮೇಲಿನ, ಅವಲಂಬನೆಯೂ ಬೆಳೆಯಿತು. 2016ರ ಮಾರ್ಚ್‌ನಲ್ಲಿ ಲೆಫ್ಟ್‌ಪ್ಯಾಡ್ ಅನ್ನುವ ಹನ್ನೊಂದು ಸಾಲಿನ ಪುಟ್ಟ ಪ್ಯಾಕೇಜನ್ನು ಬರೆದವರು ಅದನ್ನು ಇಂಥ ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳು ಸಿಗುವ ಎನ್‌ಪಿಎಂ ಭಂಡಾರದಿಂದ ತೆಗೆದುಬಿಟ್ಟರು. ಪಠ್ಯದ ಎಡಕ್ಕೆ ಖಾಲಿ ಜಾಗವನ್ನೋ ಸೊನ್ನೆಯನ್ನೋ ತುಂಬುವುದಷ್ಟೇ ಅದರ ಕೆಲಸ. ಜಗತ್ತಿನಾದ್ಯಂತ ಸಾವಿರಾರು ಪ್ರಾಜೆಕ್ಟ್‌ಗಳು ಬಿಲ್ಡ್ ಆಗದೆ ನಿಂತವು. ಅವನ್ನು ಮಾಡುತ್ತಿದ್ದವರಲ್ಲಿ ಹೆಚ್ಚಿನವರಿಗೆ ತಾವು ಅದನ್ನು ಬಳಸುತ್ತಿದ್ದೇವೆ ಅನ್ನುವುದೇ ಗೊತ್ತಿರಲಿಲ್ಲ, ಅವರು ಬಳಸುತ್ತಿದ್ದ ಪ್ಯಾಕೇಜ್ ಬಳಸುತ್ತಿದ್ದ ಇನ್ನೊಂದು ಪ್ಯಾಕೇಜಿಗೆ ಅದು ಬೇಕಿತ್ತು.

ಈಗ ಎಐ ಬರೆದುಕೊಡುವ ಕೋಡಿನ ಕಾಲ. 2021ರಲ್ಲಿ ಗಿಟ್‌ಹಬ್ ಕೋಪೈಲಟ್, 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಕೋಡ್ ಬರೆಯುವ ವೇಗ ನಿಜಕ್ಕೂ ಬದಲಾಗಿದೆ, ನಾನೂ ದಿನಾ ಬಳಸುತ್ತೇನೆ. ಆದರೆ ಒಂದು ವಿಷಯ ಗಮನಿಸಿದ್ದೇನೆ. ಅಡಿಕೆ ಧಾರಣೆ ತೋರಿಸುವ ಪುಟ ಮಾಡಿಕೊಡು ಅಂತಷ್ಟೇ ಹೇಳಿದರೆ ಸಾಮಾನ್ಯವಾಗಿ ಬರುವುದು ರಿಯಾಕ್ಟ್ ಪ್ರಾಜೆಕ್ಟ್, ಜತೆಗೆ ಒಂದಷ್ಟು ಪ್ಯಾಕೇಜ್‌ಗಳು. ಅದು ಕಲಿತ ಕೋಡಿನಲ್ಲಿ ಜಾಸ್ತಿ ಇರುವುದು ಅದೇ ತಾನೇ. ಓದುಗರ ಫೋನ್ ಯಾವುದು, ದರ ದಿನಕ್ಕೆ ಎಷ್ಟು ಸಲ ಬದಲಾಗುತ್ತದೆ ಅಂತ ಅದಕ್ಕೆ ಗೊತ್ತಿಲ್ಲ. ಅದನ್ನು ಹೇಳಿ, ಪುಟವನ್ನು ಸರ್ವರ್‌ನಲ್ಲೇ ಕಟ್ಟಬೇಕು, ಜಾವಾಸ್ಕ್ರಿಪ್ಟ್ ಇಲ್ಲದೆಯೂ ನಡೆಯಬೇಕು ಅಂದರೆ ಅದನ್ನೂ ಚೆನ್ನಾಗಿಯೇ ಬರೆದುಕೊಡುತ್ತದೆ. ಹಾಗಾಗಿ ಹೊಸಬರಿಗೆ ನಾನು ಹೇಳುವುದು, ಯಾವುದಾದರೂ ಒಂದು ಫ್ರೇಮ್‌ವರ್ಕ್ ಕಲಿಯಿರಿ, ಅದು ಯಾವುದಾದರೂ ಆಗಲಿ. ಅದಕ್ಕೆ ಮುಂಚೆ ಬ್ರೌಸರ್ ಒಂದು ಪುಟ ಕೇಳಿದಾಗ ಏನೇನು ನಡೆಯುತ್ತದೆ ಅಂತ ಪೂರ್ತಿ ತಿಳಿದುಕೊಳ್ಳಿ.

ಇದನ್ನು ತಿಳಿಯಲು ಕೋರ್ಸ್ ಬೇಕಿಲ್ಲ. ಕ್ರೋಮ್‌ನ ಡೆವಲಪರ್ ಟೂಲ್ಸ್ ತೆಗೆಯಿರಿ, ನೆಟ್‌ವರ್ಕನ್ನು 3ಜಿಗೆ ಇಳಿಸಿ, ಪ್ರೊಸೆಸರನ್ನೂ ಆರು ಪಟ್ಟು ನಿಧಾನ ಮಾಡಿ, ದಿನಾ ನೋಡುವ ಸೈಟೊಂದನ್ನು ಮತ್ತೆ ತೆಗೆದು ನೋಡಿ. ಮೊದಲ ಅಕ್ಷರ ಯಾವಾಗ ಬಂತು, ಮೊದಲ ಗುಂಡಿ ಯಾವಾಗ ಕೆಲಸ ಮಾಡಿತು ಅಂತ ಗಮನಿಸಿ. ಆಮೇಲೆ ಪುಟದ ಮೂಲ ಎಚ್‌ಟಿಎಂಎಲ್ ತೆಗೆದು, ಪರದೆಯಲ್ಲಿ ಕಾಣುವ ಒಂದು ವಾಕ್ಯವನ್ನು ಅದರಲ್ಲಿ ಹುಡುಕಿ. ಸಿಕ್ಕಿದರೆ ಪುಟ ಸರ್ವರ್‌ನಲ್ಲಿ ತಯಾರಾಗಿ ಬಂದಿದೆ. ಸಿಗದಿದ್ದರೆ ನಿಮ್ಮ ಬ್ರೌಸರೇ ಅದನ್ನು ಕಟ್ಟುತ್ತಿದೆ.

ನಮ್ಮ ಧಾರಣೆ ಪುಟವನ್ನು ಇವತ್ತು ನಾನೇ ಮಾಡುವುದಾದರೆ ಹೀಗೆ ಮಾಡುತ್ತೇನೆ. ಟೆಂಡರ್ ಮುಗಿದು ಆ ದಿನದ ದರ ಬಂದ ಮೇಲೆ ಮರುದಿನದವರೆಗೆ ಅದು ಬದಲಾಗುವುದಿಲ್ಲ. ಅಂದಮೇಲೆ ಸಾವಿರ ಜನ ಕೇಳಿದಾಗ ಸಾವಿರ ಸಲ ಡೇಟಾಬೇಸ್ ನೋಡಿ ಪುಟ ಕಟ್ಟುವುದು ಯಾಕೆ? ದರ ಬಂದ ಕೂಡಲೇ ಒಂದೊಂದು ಮಾರುಕಟ್ಟೆಗೆ ಒಂದೊಂದು ಎಚ್‌ಟಿಎಂಎಲ್ ಫೈಲ್ ಬರೆಸಿ ಇಟ್ಟರೆ ಸಾಕು. 1991ರಲ್ಲಿ ಇದ್ದದ್ದೂ ಫೈಲೇ, ಆದರೆ ಆಗ ಕೈಯಲ್ಲಿ ತಿದ್ದಬೇಕಿತ್ತು, ಈಗ ಪ್ರೋಗ್ರಾಮ್ ಬರೆಯುತ್ತದೆ. ಮಾರುಕಟ್ಟೆಗಳ ಪಟ್ಟಿ ಅಂದರೆ ಬರೀ ಲಿಂಕ್‌ಗಳು. ನಕ್ಷತ್ರದ ಗುರುತಿಗೆ ಮಾತ್ರ ಚಿಕ್ಕದೊಂದು ಜಾವಾಸ್ಕ್ರಿಪ್ಟ್, ಅದು ಇಳಿಯದಿದ್ದರೂ ದರ ಓದಬಹುದು. ಸಿಗ್ನಲ್ ಹೋದಾಗ ನಿನ್ನೆಯ ದರವನ್ನು ತಾರೀಖಿನ ಸಮೇತ ತೋರಿಸಲು ಒಂದು ಸರ್ವಿಸ್ ವರ್ಕರ್. ತಾರೀಖು ದೊಡ್ಡದಾಗಿ ಇರಲೇಬೇಕು, ಹಳೆಯ ದರವನ್ನು ಇವತ್ತಿನದು ಅಂದುಕೊಂಡು ಯಾರಾದರೂ ಮಾಲು ಹೇರಿಕೊಂಡು ಹೊರಟರೆ ದೊಡ್ಡ ನಷ್ಟ. ಅದೇ ಮಾರಾಟ ಸಂಘದ ಕಚೇರಿಯಲ್ಲಿ ಕೂತವರು ಇಡೀ ದಿನ ಒಂದೇ ಪರದೆಯಲ್ಲಿ ನೂರಾರು ಚೀಲದ ಲೆಕ್ಕ ತಿದ್ದುತ್ತಾ, ಸೋಸುತ್ತಾ, ಮೊತ್ತ ನೋಡುತ್ತಾ ಇರುವ ಪ್ರೋಗ್ರಾಮ್ ಕೇಳಿದರೆ ನಾನು ಎರಡನೇ ಯೋಚನೆ ಮಾಡದೆ ರಿಯಾಕ್ಟ್ ಹಿಡಿಯುತ್ತೇನೆ. ಅಲ್ಲಿ ಜಾವಾಸ್ಕ್ರಿಪ್ಟ್ ಬೆಳಿಗ್ಗೆ ಒಮ್ಮೆ ಇಳಿದರೆ ಸಂಜೆಯವರೆಗೆ ದುಡಿಯುತ್ತದೆ, ಮೊತ್ತ ಒಂದು ಕಡೆ ಒಂದು, ಇನ್ನೊಂದು ಕಡೆ ಇನ್ನೊಂದು ಅಂತ ತೋರಿಸುವ ಹಾಗೇ ಇಲ್ಲ.